ತಳ್ಳುವ ಹುಡುಗನಿಗೆ ಮೈಯರಿವಿನ ಆಟ: ನಲಿ-ಕಲಿ ಕೊಠಡಿಯ ಒಂದು ಪ್ರಕರಣ

ಹುಡುಗನಿಗೆ ಆರು ವರ್ಷ ನಾಲ್ಕು ತಿಂಗಳು. ಓದುತ್ತಿರುವುದು ಸರ್ಕಾರಿ ಶಾಲೆಯ ಒಂದನೇ ತರಗತಿ. ಒಂದು, ಎರಡು, ಮೂರನೇ ತರಗತಿಯ 26 ಮಕ್ಕಳು ಒಂದೇ ಕೊಠಡಿಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರುವ ನಲಿ-ಕಲಿ ತರಗತಿ ಅದು. ಜೂನ್ ಕೊನೆಯ ಹೊತ್ತಿಗೆ ಅವನ ಮೇಲೆ ದಿನವೂ ದೂರು. "ಮಿಸ್, ಇವ್ನು ತಳ್ತಾನೆ." "ಮಿಸ್, ನನ್ ಕಾಲು ತುಳ್ದ." ಪ್ರಾರ್ಥನೆಯ ಸಾಲಿನಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡೇ ನಿಲ್ಲುತ್ತಾನೆ. ಬಳಪ ಹಿಡಿದರೆ ಎರಡನೇ ಅಕ್ಷರಕ್ಕೆ ಮುರಿಯುತ್ತದೆ. ಕ್ಷೀರಭಾಗ್ಯದ ಹಾಲು ಕೊಟ್ಟಾಗ ಲೋಟವನ್ನು ಬಾಯಿಗೆ ಎತ್ತುವ ರಭಸಕ್ಕೆ ಅರ್ಧ ಹಾಲು ಅಂಗಿಯ ಮೇಲೆ. ಐದು ನಿಮಿಷ ನೆಟ್ಟಗೆ ಕೂರಲಾರ. ಗೋಡೆಗೋ ಪಕ್ಕದವರ ಹೆಗಲಿಗೋ ಒರಗಿಬಿಡುತ್ತಾನೆ. "ಮನೇಲೂ ಹಿಂಗೇ ಮಿಸ್, ಬಾಗ್ಲಿಗೆ ಭುಜ ತಾಗಿಸ್ಕೊಳ್ದೆ ಒಳಗೆ ಬಂದಿದ್ದೇ ಇಲ್ಲ" ಎಂದು ತಾಯಿ ಹೇಳುತ್ತಾರೆ.

ಇದು ಒಂದೇ ಮಗುವಿನ ಕಡತದ ನಕಲಲ್ಲ ಎಂದು ಇಲ್ಲೇ ಹೇಳಿಬಿಡಬೇಕು. ಇಂಥ ತರಗತಿಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ, ಅಳತೆ, ಎಡವಟ್ಟುಗಳನ್ನು ಒಬ್ಬ ಹುಡುಗನ ಮೇಲೆ ಇಟ್ಟು ಹೆಣೆದಿದೆ. ಇಲ್ಲಿನ ಅಂಕಿಗಳನ್ನು ಈ ಪ್ರಕರಣದ ಅಳತೆಗಳೆಂದು ಓದಬೇಕು, ಎಲ್ಲ ಮಕ್ಕಳಿಗೂ ಹೊಂದುವ ಮಾನದಂಡವೆಂದಲ್ಲ.

ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಇಲ್ಲಿ ಮಗು ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ಮೆಟ್ಟಿಲಂತೆ ತೋರಿಸುವ ಪಟ) ನೋಡಿ, ತನ್ನ ಕಾರ್ಡು ಹುಡುಕಿ, ತನ್ನ ಗುಂಪಿಗೆ ತಾನೇ ಹೋಗಿ ಕೂರಬೇಕು. ಕೂತವರ ಮಧ್ಯೆ ಕಾಲಿಡಲು ಜಾಗ ನೋಡಿಕೊಂಡು, ಹರಡಿದ ಕಾರ್ಡು ತುಳಿಯದೆ ದಿನಕ್ಕೆ ಹತ್ತಾರು ಸಲ ಓಡಾಡಬೇಕು. ಬೆಂಚಿನ ತರಗತಿಯಲ್ಲಿ ಮರೆಯಾಗಿಯೇ ಉಳಿಯಬಹುದಾದ ತೊಂದರೆ ಇಲ್ಲಿ ಮೂರೇ ವಾರಕ್ಕೆ ಹೊರಬೀಳುತ್ತದೆ. ಅದು ಈ ಕೊಠಡಿಯ ಉಪಕಾರವೆಂದೇ ನಮ್ಮ ಅಭಿಪ್ರಾಯ. ಆದರೆ ಹೊರಬಿದ್ದದ್ದನ್ನು "ತುಂಟತನ" ಎಂದು ಹೆಸರಿಟ್ಟು ಮೂಲೆಯಲ್ಲಿ ಕೂರಿಸಿದರೆ ಆ ಉಪಕಾರ ಅಲ್ಲಿಗೇ ಮುಗಿಯಿತು.

ಆಟಕ್ಕೆ ಮುಂಚೆ ನೋಡಿದ್ದು

ಮೊದಲು ವೈದ್ಯರ ಪ್ರಶ್ನೆಗಳು. ಕಣ್ಣು ಸರಿಯಾಗಿ ಕಾಣುತ್ತದೆಯೇ, ಕಿವಿ ಕೇಳಿಸುತ್ತದೆಯೇ, ಫಿಟ್ಸ್ ಬಂದದ್ದುಂಟೇ, ಹಿಂದೆ ಬರುತ್ತಿದ್ದದ್ದು ಈಗ ಬಾರದಾಗಿದೆಯೇ, ಒಂದು ಪಕ್ಕದ ಕೈಕಾಲು ಮಾತ್ರ ಸೋಲುತ್ತದೆಯೇ. ನೆಲದ ಮೇಲೆ ಕೂರುವ ಶಾಲೆಯಲ್ಲಿ ಇನ್ನೊಂದನ್ನು ಖರ್ಚಿಲ್ಲದೆ ನೋಡಬಹುದು: ಮಗು ಏಳುವ ಬಗೆ. ಎರಡೂ ಅಂಗೈ ನೆಲಕ್ಕೆ ಊರಿ, ಆಮೇಲೆ ಮೊಣಕಾಲ ಮೇಲೆ, ಆಮೇಲೆ ತೊಡೆಯ ಮೇಲೆ ಕೈಯಿಡುತ್ತಾ ತನ್ನ ಮೈಯನ್ನೇ ಹತ್ತಿದಂತೆ ಎದ್ದರೆ, ಮೀನಖಂಡ ದಪ್ಪಗೆ ಊದಿದಂತಿದ್ದರೆ, ಅದು ಸ್ನಾಯು ಸೊರಗುವ ಕಾಯಿಲೆಯ ಸೂಚನೆ ಇರಬಹುದು. ಅಂಥ ಮಗುವಿಗೆ ಆಟದ ಯೋಜನೆ ಹಾಕುತ್ತಾ ಕೂರಬಾರದು, ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ. ಅವರ ಶಿಫಾರಸಿನ ಮೇಲೆ ಮಕ್ಕಳ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬಹುದು. ಈ ಹುಡುಗನಲ್ಲಿ ಇಂಥ ಯಾವ ಸೂಚನೆಯೂ ಇರಲಿಲ್ಲ.

ಆಮೇಲೆ ಅಂಗಳದಲ್ಲಿ, ಬರಿಗಾಲಲ್ಲಿ, ಸುಮಾರು 20 ನಿಮಿಷದ ಪರೀಕ್ಷೆ. ಪರೀಕ್ಷೆ ಎಂದು ಅವನಿಗೆ ಹೇಳಿಲ್ಲ. ನಾಲ್ಕು ಮಕ್ಕಳನ್ನು ಕರೆದು ಆಟವೆಂದೇ ಆಡಿಸಿದ್ದು. ಒಂಟಿ ಕಾಲಲ್ಲಿ ನಿಂತದ್ದು ಬಲಗಾಲಲ್ಲಿ 4 ಸೆಕೆಂಡು, ಎಡಗಾಲಲ್ಲಿ 2. ಐದು ವರ್ಷ ತುಂಬಿದ ಮಕ್ಕಳು ಸಾಮಾನ್ಯವಾಗಿ 8ರಿಂದ 10 ಸೆಕೆಂಡು ನಿಲ್ಲುತ್ತಾರೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ 10 ಅಡಿ ಸುಣ್ಣದ ಗೆರೆಯ ಮೇಲೆ ನಡೆದಾಗ ಐದು ಸಲ ಗೆರೆ ಬಿಟ್ಟ. ಕಣ್ಣು ಪೂರ್ತಿ ನೆಲದಲ್ಲೇ. ಕಣ್ಣು ಮುಚ್ಚಿಸಿ ಬೆರಳೊಂದನ್ನು ಮುಟ್ಟಿ "ಯಾವ ಬೆರಳು?" ಎಂದು ಕೇಳಿದರೆ ಹತ್ತರಲ್ಲಿ ನಾಲ್ಕು ಸರಿ, ಮಧ್ಯದ ಮೂರು ಬೆರಳು ಒಂದಕ್ಕೊಂದು ಕಲಸಿಹೋಗುತ್ತಿದ್ದವು. ಒಂದೇ ಬಗೆಯ ಎರಡು ಡಬ್ಬಿ, ಒಂದರಲ್ಲಿ ಮರಳು, ಇನ್ನೊಂದು ಖಾಲಿ: ಎರಡನ್ನೂ ಅದೇ ಬಿರುಸಿನಲ್ಲಿ ಎತ್ತಿದ. ಖಾಲಿ ಡಬ್ಬಿ ಹಣೆಗೆ ತಾಗಿತು. ಎರಡನೇ ಸಲವೂ ತಾಗಿತು. ಒಮ್ಮೆ ಎತ್ತಿದ ಮೇಲೆ ಬಲ ಇಳಿಸಿಕೊಳ್ಳುವುದನ್ನು ಈ ವಯಸ್ಸಿನ ಹೆಚ್ಚಿನ ಮಕ್ಕಳು ಎರಡನೇ ಸಲಕ್ಕೇ ಮಾಡುತ್ತಾರೆ.

ಕಣ್ಣು, ಮೂಗು, ಹೊಟ್ಟೆ ಎಂದರೆ ತಟ್ಟನೆ ಮುಟ್ಟಿ ತೋರಿಸಿದ. ಹಿಮ್ಮಡಿ, ಮೊಣಕೈ, ಮಣಿಕಟ್ಟು, ಸೊಂಟ ಎಂದಾಗ ಪಕ್ಕದವರನ್ನು ನೋಡಿದ. ಗೋಡೆಯ ಚಿತ್ರಪಟದಲ್ಲಿ ಮಾತ್ರ ಎಲ್ಲವನ್ನೂ ಸರಿಯಾಗಿ ತೋರಿಸುತ್ತಿದ್ದ. ಚಿತ್ರಪಟದ ಮೊಣಕೈ ತೋರಿಸುವುದಕ್ಕೂ ತನ್ನ ಮೊಣಕೈ ಎಲ್ಲಿದೆಯೆಂದು ತಿಳಿದಿರುವುದಕ್ಕೂ ಇರುವ ದೂರ ಇಲ್ಲಿ ಸ್ಪಷ್ಟವಾಗಿ ಕಂಡಿತು.

ಎಲ್ಲಿ ಕೊರತೆ

ನಮ್ಮ ಕೈಕಾಲು ಎಲ್ಲಿವೆ, ಎಷ್ಟು ಮಡಚಿವೆ, ಎಷ್ಟು ಬಲ ಹಾಕುತ್ತಿವೆ ಎಂಬುದನ್ನು ನೋಡದೆಯೇ ತಿಳಿಯುತ್ತೇವಲ್ಲ, ಅದಕ್ಕೆ 1906ರಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟ. ಸ್ನಾಯುವಿನ ಒಳಗಿರುವ ಸಣ್ಣ ಗ್ರಾಹಕಗಳು ಅದು ಎಷ್ಟು ಉದ್ದಕ್ಕೆ, ಎಷ್ಟು ಬೇಗ ಹಿಗ್ಗಿತೆಂದು ಮಿದುಳಿಗೆ ತಿಳಿಸುತ್ತವೆ. ಸ್ನಾಯು ಎಲುಬಿಗೆ ಅಂಟುವ ಸ್ನಾಯುರಜ್ಜುವಿನಲ್ಲಿರುವವು ಎಷ್ಟು ಸೆಳೆತವಿದೆ ಎಂದು ತಿಳಿಸುತ್ತವೆ. ಕೀಲು ಮತ್ತು ಚರ್ಮದ ಸುದ್ದಿಯೂ ಇದಕ್ಕೆ ಸೇರುತ್ತದೆ. ತಲೆ ಎತ್ತ ವಾಲಿದೆ, ತಿರುಗುತ್ತಿದೆಯೇ ಎಂಬುದನ್ನು ಒಳಗಿವಿಯ ಮೂರು ಅರೆವೃತ್ತ ನಾಳಗಳು ಮತ್ತು ಅವುಗಳ ಬುಡದ ಎರಡು ಚೀಲಗಳು ಹೇಳುತ್ತವೆ. ಈ ಸುದ್ದಿಯೆಲ್ಲ ಸೇರಿ ಮೈಯ ಒಂದು ನಕ್ಷೆ ಆಗುತ್ತದೆ. ಮೈಯರಿವು ಎಂದು ಇಲ್ಲಿ ಕರೆಯುವುದು ಇದನ್ನೇ.

ಈ ಹುಡುಗನ ನಡವಳಿಕೆಯನ್ನು ಈ ಕಣ್ಣಿನಿಂದ ನೋಡಿದರೆ ಒಂದಕ್ಕೊಂದು ಕೂಡಿಬರುತ್ತದೆ. ಮೈಯ ಅಂಚು ಎಲ್ಲಿ ಮುಗಿಯುತ್ತದೆಂದು ಸ್ಪಷ್ಟವಿಲ್ಲದಾಗ ಬಾಗಿಲಿಗೆ ಭುಜ ತಾಗುತ್ತದೆ, ಸಾಲಿನಲ್ಲಿ ಅಂತರ ತಿಳಿಯುವುದಿಲ್ಲ. ಬಲದ ಲೆಕ್ಕ ಸಿಗದಾಗ ಬಳಪ ಮುರಿಯುತ್ತದೆ, ಮೆಲ್ಲನೆ ಮುಟ್ಟಬೇಕೆಂದದ್ದು ತಳ್ಳಿದಂತಾಗುತ್ತದೆ. ಒರಗುವುದು, ತಳ್ಳುವುದು, ದೊಪ್ಪನೆ ಕೂರುವುದು ಇವೆಲ್ಲ ಮೈಗೆ ಜೋರಾದ ಸುದ್ದಿ ಕೊಡುವ ಕೆಲಸಗಳು. ಸಾಲದ್ದನ್ನು ಅವನು ತಾನೇ ಹುಡುಕಿಕೊಳ್ಳುತ್ತಿದ್ದಾನೆ ಎಂದು ಎಣಿಸಿ ಮುಂದುವರಿದರೆ ಯೋಜನೆ ಹಾಕಲು ದಾರಿಯಾಗುತ್ತದೆ. ಇಂಥ ತೊಡಕು ಬಲವಾಗಿದ್ದು ದಿನದ ಕೆಲಸಕ್ಕೇ ಅಡ್ಡಿಯಾದಾಗ ವೈದ್ಯರು ಚಲನೆಯ ಹೊಂದಾಣಿಕೆಯ ತೊಂದರೆ ಎಂದು ಗುರುತಿಸುತ್ತಾರೆ; 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಯಲ್ಲಿ ಅದು ಕಾಣುತ್ತದೆ. ಹೆಸರಿಡುವುದು ವೈದ್ಯರ ಕೆಲಸ. ಆಟ ಆಡಿಸಲು ಆ ಹೆಸರಿಗಾಗಿ ಕಾಯಬೇಕಿಲ್ಲ.

ಶಾಲೆಯಲ್ಲಿ ಅದಾಗಲೇ ದಿನಕ್ಕೊಂದು ಆಟದ ಅವಧಿ ಇತ್ತು. ಹುಡುಗ ಅಲ್ಲಿ ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದ. ಓಡಿ ಬಂದ ಮೇಲೆ ತಳ್ಳುವುದು ಇನ್ನಷ್ಟು ಹೆಚ್ಚುತ್ತಿತ್ತು. ಈ ಪ್ರಕರಣದಲ್ಲಿ ಮುಖ್ಯವಾದ ಮಾತು ಇದೇ: ಓಟ ಎದೆಬಡಿತಕ್ಕೆ, ಉಸಿರಿಗೆ ಒಳ್ಳೆಯದು, ಮೈಯರಿವಿಗೆ ಅದೊಂದೇ ಸಾಲದು. ವೇಗದಲ್ಲಿ ಮಗುವಿಗೆ ತನ್ನ ಮೈಯನ್ನು ಗಮನಿಸಲು ಬಿಡುವೇ ಇಲ್ಲ. ಮೈಯರಿವಿಗೆ ಬೇಕಾದದ್ದು ಎದುರೊತ್ತುವ ಭಾರ, ತಟ್ಟನೆ ನಿಲ್ಲುವುದು, ನಿಧಾನ, ಮತ್ತು ಮಾಡುವ ಮುಂಚೆ ಅಂದಾಜು ಕಟ್ಟುವುದು. ಅದೇ ಅನುಕ್ರಮದಲ್ಲಿ 12 ವಾರದ ಯೋಜನೆ ಹಾಕಲಾಯಿತು. ವಾರಕ್ಕೆ ಐದು ದಿನ, ಪ್ರಾರ್ಥನೆಯ ನಂತರ 15 ನಿಮಿಷ, ಇಡೀ ತರಗತಿಗೆ. ಹಾಲು ಕುಡಿಯುವುದು ಆಟದ ನಂತರ.

ಭಾರ

ಮರಳಿನ ಚೀಲದಿಂದ ಶುರು. ಹಳೆಯ ಪ್ಯಾಂಟಿನ ಕಾಲನ್ನು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಒಂದು ತುದಿಗೆ ಎರಡು ಸಾಲು ಹೊಲಿಗೆ ಹಾಕಿ, ಒಳಗೊಂದು ಪ್ಲಾಸ್ಟಿಕ್ ಕವರ್ ಇಟ್ಟು, ಜರಡಿ ಹಿಡಿದ ಒಣ ಮರಳು 1 ಕೆ.ಜಿ. ತುಂಬಬೇಕು. ಚೀಲದ ಮೂರನೇ ಎರಡು ಭಾಗ ಮಾತ್ರ ತುಂಬಿರಲಿ. ಬಿಗಿಯಾಗಿ ತುಂಬಿದರೆ ಬೆನ್ನ ಮೇಲೆ ಇಟ್ಟಾಗ ಉರುಳಿಬೀಳುತ್ತದೆ. ಸಡಿಲವಿದ್ದರೆ ಮೈಗೆ ಅಪ್ಪಿಕೊಂಡು ಕೂರುತ್ತದೆ. ಹುಡುಗನ ತೂಕ 18 ಕೆ.ಜಿ. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಚೀಲದ ಭಾರ ಮೈತೂಕದ ನೂರಕ್ಕೆ 10 ಮೀರಬಾರದೆಂದಿದೆ. ಅದನ್ನೇ ಇಲ್ಲಿಯೂ ಮಿತಿಯಾಗಿ ಹಿಡಿದು ಮೊದಲ ಎರಡು ವಾರ ಒಂದು ಚೀಲ, ಆಮೇಲೆ ಒಂದೂವರೆ ಕೆ.ಜಿ.ಯ ಚೀಲ. ಚೀಲವನ್ನು ಎದೆಗೆ ಅವಚಿಕೊಂಡು 5 ಮೀಟರ್ ನಡೆದು, ಬಗ್ಗಿ ಗೋಣಿತಾಟಿನ ಮೇಲೆ ಸದ್ದಾಗದಂತೆ ಇಟ್ಟು ಬರಬೇಕು. ಸದ್ದಾಗದಂತೆ ಇಡುವುದೇ ಆಟದ ತಿರುಳು. ಭಾರವನ್ನು ಬಿಸಾಡುವುದಕ್ಕೆ ಯಾವ ಅರಿವೂ ಬೇಡ, ಇಳಿಸುವುದಕ್ಕೆ ಬೇಕು.

ಗೋಡೆ ತಳ್ಳುವ ಆಟ ಸುಲಭ, ಹಾಗಾಗಿಯೇ ಕೆಡುತ್ತದೆ. "ಗೋಡೆ ಬೀಳ್ತಾ ಇದೆ, ಹಿಡ್ಕೊಳ್ಳಿ!" ಎಂದರೆ ಮಕ್ಕಳು ಕೈ ನೆಟ್ಟಗೆ ಚಾಚಿ ಗೋಡೆಗೆ ಒರಗಿಬಿಡುತ್ತಾರೆ. ಮೊಣಕೈ ಲಾಕ್ ಆದರೆ ಮೈಭಾರವನ್ನು ಎಲುಬು ಹೊರುತ್ತದೆ, ಸ್ನಾಯುವಿಗೆ ಕೆಲಸವೇ ಇಲ್ಲ. ಗೋಡೆಯಿಂದ ಒಂದು ಹೆಜ್ಜೆ ದೂರ ನಿಂತು, ಮೊಣಕೈ ಸ್ವಲ್ಪ ಮಡಚಿ, ಅಂಗೈ ಪೂರ್ತಿ ಒತ್ತಿ ಹತ್ತು ಎಣಿಸುವವರೆಗೆ ತಳ್ಳಬೇಕು. ಕಾಲುಚೀಲ ಹಾಕಿದ್ದರೆ ಹಿಮ್ಮಡಿ ಜಾರುತ್ತದೆ, ಬರಿಗಾಲೇ ಸರಿ. ಮೂರು ಸಲ ಸಾಕು.

ಪ್ರಾಣಿಗಳ ನಡಿಗೆಯಲ್ಲಿ ಕರಡಿ, ಏಡಿ, ಆಮೆ ಮೂರನ್ನೇ ಇಟ್ಟುಕೊಂಡದ್ದು. ಕರಡಿಗೆ ಕೈಕಾಲು ನೆಲಕ್ಕೆ, ಮೊಣಕಾಲು ಮೇಲೆ. ಏಡಿಗೆ ಹೊಟ್ಟೆ ಆಕಾಶಕ್ಕೆ, ಕೈ ಹಿಂದೆ. ಆಮೆಗೆ ಮೊಣಕಾಲೂರಿ ಅಂಬೆಗಾಲು, ಬೆನ್ನ ಮೇಲೆ ಮರಳಿನ ಚೀಲ. ಎರಡನೇ ವಾರ ಇದು ಪೂರ್ತಿ ಹಳಿ ತಪ್ಪಿತು. ಯಾರೋ "ಫಸ್ಟ್" ಎಂದು ಕೂಗಿದ್ದೇ ತಡ, ಕರಡಿ ನಡಿಗೆ ಓಟದ ಪಂದ್ಯವಾಯಿತು. ಮೂವರು ಮುಗ್ಗರಿಸಿದರು, ನಮ್ಮ ಹುಡುಗ ಇಬ್ಬರ ಮೇಲೆ ಬಿದ್ದ. "ನಿಧಾನ, ನಿಧಾನ" ಎಂದು ಕೂಗಿ ಪ್ರಯೋಜನವಾಗಲಿಲ್ಲ. ಪ್ರಯೋಜನವಾದದ್ದು ಎಲ್ಲರ ಬೆನ್ನಿಗೂ ಚೀಲ ಏರಿಸಿ ಎಲ್ಲರನ್ನೂ ಆಮೆ ಮಾಡಿದ್ದು. ಅವಸರ ಮಾಡಿದರೆ ಚೀಲ ಬೀಳುತ್ತದೆ, ಬಿದ್ದರೆ ಎತ್ತಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯಬೇಕು. ನಿಧಾನವಾಗು ಎಂದು ಚೀಲವೇ ಹೇಳುತ್ತದೆ. ಜೊತೆಗೆ, ಕಣ್ಣಿಗೆ ಎಂದೂ ಕಾಣದ ಬೆನ್ನು ಎಲ್ಲಿದೆ, ಎತ್ತ ವಾಲಿತು ಎಂಬುದು ಮಗುವಿಗೆ ಪ್ರತಿ ಹೆಜ್ಜೆಗೂ ತಿಳಿಯುತ್ತದೆ. ನಮ್ಮ ಪಟ್ಟಿಯ ಎಲ್ಲ ಆಟಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಆಮೆಯನ್ನೇ ಉಳಿಸಿಕೊಳ್ಳಬೇಕು.

ಅಂಗೈ ಊರಿದಾಗ ಮಣಿಕಟ್ಟು ನೋಯುವ ಮಕ್ಕಳು ಮುಷ್ಟಿ ಊರಲಿ. ಸಿಮೆಂಟಿನ ಅಂಗಳ ಹನ್ನೊಂದು ಗಂಟೆಗೆಲ್ಲ ಕಾಯುತ್ತದೆ. ಬೆಳಗಿನ ಹೊತ್ತೇ ಆಡಿಸಬೇಕು, ಇಲ್ಲವಾದರೆ ಒಳಗೆ ಜಮಖಾನದ ಮೇಲೆ.

ನಿಲುಗಡೆ

ನಾಲ್ಕನೇ ವಾರದಿಂದ ಕೆರೆ-ದಡ. ಒಂದು ಗೆರೆ, ಈಚೆ ದಡ, ಆಚೆ ಕೆರೆ. ಹೇಳಿದತ್ತ ಎರಡೂ ಕಾಲು ಜೋಡಿಸಿ ಜಿಗಿಯಬೇಕು, ಮೊಣಕಾಲು ಮಡಚಿ ಸದ್ದಿಲ್ಲದೆ ಇಳಿಯಬೇಕು. ಊರಲ್ಲಿ ಆಡುವ ಕ್ರಮದಲ್ಲಿ ತಪ್ಪಿದವರು ಔಟ್. ಆ ನಿಯಮವನ್ನು ಇಲ್ಲಿ ಬಿಡಲೇಬೇಕು. ಮೊದಲು ಔಟಾಗುವುದು ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗುವೇ. ಉಳಿದ ಹತ್ತು ನಿಮಿಷ ಅದು ಕೂತು ನೋಡುತ್ತದೆ. ಅದರ ಬದಲು ತಪ್ಪಿದವರು ಒಂದು ಸುತ್ತು "ಕೆರೆ", "ದಡ" ಎಂದು ಕೂಗುವ ಕೆಲಸ ಮಾಡಿ ಮತ್ತೆ ಸಾಲಿಗೆ ಬರುತ್ತಾರೆ. ಹುಡುಗನಿಗೆ ಕೂಗುವ ಕೆಲಸ ಬಹಳ ಇಷ್ಟವಾಗಿ ಬೇಕೆಂದೇ ತಪ್ಪಲು ಶುರುಮಾಡಿದ. ಆಗ ಕೂಗುವ ಸರದಿಯನ್ನು ಎಲ್ಲರಿಗೂ ಹಂಚಲಾಯಿತು.

ಸ್ಟ್ಯಾಚ್ಯೂ ಆಟವನ್ನು ಎಲ್ಲ ಮಕ್ಕಳೂ ಬಲ್ಲರು. ಇದಕ್ಕೆ ಸೇರಿಸಿದ್ದು ಒಂದೇ: ನಿಂತ ಮೇಲೆ ಒಂದು ಪ್ರಶ್ನೆ. "ಕೆಳಗೆ ನೋಡ್ಬೇಡ. ನಿನ್ನ ಯಾವ ಕಾಲು ಮುಂದಿದೆ?" "ಮೊಣಕೈ ಮಡಚಿದೆಯಾ, ನೆಟ್ಟಗಿದೆಯಾ?" ಉತ್ತರ ಹೇಳಿದ ಮೇಲೆ ನೋಡಿಕೊಳ್ಳಬಹುದು. ಮೊದಲ ದಿನಗಳಲ್ಲಿ ಹುಡುಗ ಪ್ರಶ್ನೆ ಮುಗಿಯುವ ಮುಂಚೆಯೇ ಕೆಳಗೆ ನೋಡುತ್ತಿದ್ದ. ಒಂದೇ ಪ್ರಶ್ನೆ ಕೇಳಬೇಕು, ಎರಡು ಕೇಳಿದರೆ ಮಕ್ಕಳಿಗೆ ಬೇಸರವಾಗಿ ಆಟ ಪಾಠವಾಗಿಬಿಡುತ್ತದೆ.

ಎಡ-ಬಲದ ಗೊಂದಲದಲ್ಲಿ ಅರ್ಧ ದೊಡ್ಡವರದ್ದೇ. ಮಿಸ್ ಮಕ್ಕಳಿಗೆ ಮುಖ ಮಾಡಿ ನಿಂತು "ಬಲಗೈ ಎತ್ತಿ" ಎನ್ನುತ್ತಾ ತಮ್ಮ ಬಲಗೈ ಎತ್ತಿದರೆ, ಕನ್ನಡಿ ನೋಡಿದಂತೆ ಅನುಸರಿಸುವ ಮಗು ಎಡಗೈ ಎತ್ತುತ್ತದೆ. ಮಕ್ಕಳಿಗೆ ಬೆನ್ನು ಮಾಡಿ ನಿಂತು ತೋರಿಸಬೇಕು, ಇಲ್ಲವೇ ಬಲ ಎನ್ನುವಾಗ ತಮ್ಮ ಎಡಗೈ ಎತ್ತಬೇಕು. ತನ್ನ ಎಡ-ಬಲ ಆರೇಳು ವರ್ಷಕ್ಕೆ ಗಟ್ಟಿಯಾಗುತ್ತದೆ. ಎದುರಿಗಿರುವವರ ಎಡ-ಬಲ ತಿಳಿಯಲು ಇನ್ನೂ ಕೆಲವು ವರ್ಷ ಬೇಕು. ಅದನ್ನು ಒಂದನೇ ತರಗತಿಯಲ್ಲಿ ಕೇಳಲೇಬಾರದು. ಹುಡುಗನ ಬಲ ಮಣಿಕಟ್ಟಿಗೆ ದೇವಸ್ಥಾನದ ದಾರ ಕಟ್ಟಿತ್ತು. "ದಾರದ ಕೈ" ಎಂದು ಹೇಳಿದಾಗ ಗೊಂದಲ ಕಡಿಮೆಯಾಯಿತು.

ಕಣ್ಣು ಮುಚ್ಚಿ ಆಡುವುದು

ಬಟ್ಟೆ ಕಟ್ಟಿದ ಮೊದಲ ದಿನವೇ ಒಂದು ಮಗು ಅತ್ತಿತು. ಬಟ್ಟೆ ಕಟ್ಟುವುದು ಬೇಡ; ಮಗು ತನ್ನ ಅಂಗೈಯಿಂದ ತಾನೇ ಕಣ್ಣು ಮುಚ್ಚಿಕೊಳ್ಳಲಿ, ಬೇಕೆಂದಾಗ ತೆರೆಯಲಿ. ಎರಡೂ ಕೈ ಬೇಕಾದ ಆಟಕ್ಕೆ ಕೈಗಳನ್ನು ಚೀಲದೊಳಗೆ ಇಳಿಸಿದರೆ ಸಾಕು.

ಜೋಡಿ ಆಟದಲ್ಲಿ ಒಬ್ಬರು ಇನ್ನೊಬ್ಬರ ಒಂದು ಕೈಯನ್ನು ಒಂದು ಭಂಗಿಯಲ್ಲಿ ಇಡುತ್ತಾರೆ, ಕಣ್ಣು ಮುಚ್ಚಿದವರು ಇನ್ನೊಂದು ಕೈಯನ್ನು ಅದೇ ಭಂಗಿಗೆ ತರಬೇಕು. ಮೊದಲು ಭುಜ ಮಾತ್ರ, ಆಮೇಲೆ ಮೊಣಕೈ, ಕೊನೆಗೆ ಬೆರಳು. ದೊಡ್ಡ ಕೀಲಿನಿಂದ ಸಣ್ಣ ಕೀಲಿನತ್ತ ಹೋಗುವ ಈ ಕ್ರಮವನ್ನು ತಲೆಕೆಳಗು ಮಾಡಿದರೆ ಮಕ್ಕಳು ಸೋತು ಬಿಟ್ಟುಬಿಡುತ್ತಾರೆ.

ಬೆನ್ನಿನ ಮೇಲೆ ಅಕ್ಷರ ಬರೆಯುವ ಆಟಕ್ಕೆ ನಲಿ-ಕಲಿಯ ಮೊದಲ ಅಕ್ಷರಗಳಾದ ರ, ಗ, ಸ, ದ, ಅ ಹೊಂದುತ್ತವೆ. ಎರಡು ಬೆರಳು ಜೋಡಿಸಿ, ಗಟ್ಟಿಯಾಗಿ ಒತ್ತಿ, ಬೆನ್ನು ತುಂಬುವಷ್ಟು ದೊಡ್ಡದಾಗಿ, ನಿಧಾನಕ್ಕೆ ಬರೆಯಬೇಕು. ಮೆಲ್ಲಗೆ ಬರೆದರೆ ಕಚಗುಳಿಯಾಗುತ್ತದೆ; ಸ್ಪರ್ಶಕ್ಕೆ ಹೆದರುವ ಮಗುವಿಗೆ ತುಪ್ಪಳ ಸೋಕಿದಂತಾಗಿ ಸಿಟ್ಟೂ ಬರುತ್ತದೆ. "ಬರೀಲಾ?" ಎಂದು ಕೇಳಿ, ಮಗು ಹೂಂ ಎಂದ ಮೇಲೆಯೇ ಮುಟ್ಟಬೇಕು. ಅನಿಸಿದ ಅಕ್ಷರವನ್ನು ಬಾಯಲ್ಲಿ ಹೇಳುವುದಕ್ಕಿಂತ ಮರಳಿನ ತಟ್ಟೆಯಲ್ಲಿ ಬರೆದು ತೋರಿಸುವುದು ಮೇಲು. ಹೆಸರು ಗೊತ್ತಿಲ್ಲದೆ ತಪ್ಪಿತೋ, ಬೆನ್ನಿಗೆ ತಿಳಿಯದೆ ತಪ್ಪಿತೋ ಎಂಬುದು ಆಗ ಬೇರೆಯಾಗಿ ಕಾಣುತ್ತದೆ.

ಅಂದಾಜು

ಎಂಟನೇ ವಾರದಿಂದ ಗೆಜ್ಜೆಯ ಹಗ್ಗ. ಎರಡು ಕುರ್ಚಿಗಳ ನಡುವೆ ದಾರ ಕಟ್ಟಿ ಮೂರು ಗೆಜ್ಜೆ ತೂಗುಹಾಕುವುದು. ಎತ್ತರ ಮೊದಲು 70 ಸೆಂ.ಮೀ., ಆಮೇಲೆ 55, ಕೊನೆಗೆ 40. ಗೆಜ್ಜೆ ಸದ್ದಾಗದಂತೆ ಕೆಳಗಿಂದ ನುಸುಳಬೇಕು. ನುಸುಳುವ ಮುಂಚೆ ಒಂದು ಮಾತು ಹೇಳಲೇಬೇಕು: "ಬಗ್ಗಿದ್ರೆ ಸಾಕು", "ಅಂಬೆಗಾಲು ಬೇಕು", "ತೆವಳ್ಬೇಕು". ಈ ಅಂದಾಜಿನ ಮಾತಿಲ್ಲದೆ ಆಡಿಸಿದರೆ ಇದು ಇನ್ನೊಂದು ಅಡೆತಡೆ ಓಟ ಅಷ್ಟೇ. ಹುಡುಗ ಸುರುವಿನಲ್ಲಿ ಪ್ರತಿ ಸಲವೂ ಒಂದೇ ರೀತಿ ತಪ್ಪಿದ. ತಲೆ ಜೋಪಾನವಾಗಿ ಇಳಿಸುತ್ತಾನೆ, ಭುಜ ದಾಟುತ್ತದೆ, ತಲೆ ಆಚೆ ಹೋದ ಕೂಡಲೇ ತಾನು ದಾಟಿ ಮುಗಿಯಿತೆಂದು ಎದ್ದುಬಿಡುತ್ತಾನೆ. ಸೊಂಟ ಇನ್ನೂ ದಾರದ ಕೆಳಗೇ ಇರುತ್ತದೆ, ಗೆಜ್ಜೆ ಝಲ್ ಎನ್ನುತ್ತದೆ. ಕಣ್ಣಿಗೆ ಕಾಣುವ ಭಾಗವೇ ಅವನಿಗೆ ಪೂರ್ತಿ ಮೈ. ಇದಕ್ಕೆ ಉಪಾಯ ಎರಡು. ಒಂದು, ಸೊಂಟದ ಹಿಂಭಾಗದ ಮೇಲೆ ಮರಳಿನ ಚೀಲ ಇಟ್ಟು ನುಸುಳಿಸುವುದು. ಭಾರವಿರುವ ಜಾಗ ನೆನಪಲ್ಲಿ ಉಳಿಯುತ್ತದೆ. ಎರಡು, ಹಿಮ್ಮುಖವಾಗಿ, ಕಾಲು ಮುಂದಾಗಿ ನುಸುಳಿಸುವುದು. ಹಿಮ್ಮುಖದಲ್ಲಿ ಅವನು ಮೊದಲ ಬಾರಿಗೆ ದಾರದ ಹತ್ತಿರ ನಿಂತು, ಕೈ ಹಿಂದೆ ಚಾಚಿ ಸೊಂಟ ಮುಟ್ಟಿಕೊಂಡು, ಇನ್ನಷ್ಟು ತಗ್ಗಿದ. ಆ ತಗ್ಗುವಿಕೆಗಾಗಿಯೇ ಇಷ್ಟು ವಾರಗಳ ಕೆಲಸ.

ಇದರ ಜೊತೆಯದ್ದು ಬಾಗಿಲ ಆಟ. ಎರಡು ಕುರ್ಚಿಗಳ ನಡುವಿನ ಸಂದಿ 40, 30, 25 ಸೆಂ.ಮೀ.; ಭುಜದ ಅಗಲ ಸುಮಾರು 27. ಯಾವುದರಲ್ಲಿ ನೇರ ಹೋಗಬಹುದು, ಯಾವುದಕ್ಕೆ ಅಡ್ಡ ತಿರುಗಬೇಕು ಎಂದು ಮೊದಲೇ ಹೇಳಿ ದಾಟಬೇಕು.

ಕುಂಟೆಬಿಲ್ಲೆಯನ್ನು ಹೆಚ್ಚಿನವರು ಕಾಲಿನ ಆಟವೆಂದು ಎಣಿಸುತ್ತಾರೆ. ಈ ಹುಡುಗನಿಗೆ ಅದು ಮೊದಲು ಕೈಯ ಆಟ. ಹತ್ತಿರದ ಮನೆಗೆ ಮೆಲ್ಲಗೆ, ದೂರದ ಮನೆಗೆ ಜೋರಾಗಿ ಬಿಲ್ಲೆ ಎಸೆಯುವುದೆಂದರೆ ಬಲವನ್ನು ಅಳೆದು ಖರ್ಚು ಮಾಡುವುದು. ಹಂಚಿನ ಚೂರು ಪುಟಿದು ಎಲ್ಲೋ ಹೋಗುವುದರಿಂದ ಎಸೆತ ಸರಿಯಿತ್ತೋ ಇಲ್ಲವೋ ತಿಳಿಯುವುದಿಲ್ಲ. ಹಿಡಿಯಷ್ಟು ಮರಳು ತುಂಬಿದ ಪುಟ್ಟ ಗಂಟು ಬಿದ್ದಲ್ಲೇ ಕೂರುತ್ತದೆ. ಮನೆಗಳನ್ನು 45 ಸೆಂ.ಮೀ. ಚೌಕಕ್ಕೆ ಹಿಗ್ಗಿಸಿ, ಮೊದಲ ಎರಡು ವಾರ ಜೋಡಿಗಾಲಲ್ಲಿ, ಆಮೇಲಷ್ಟೇ ಕುಂಟುವುದು.

ನೀರಿನ ಬಾಟಲಿಗಳನ್ನು (250, 500, 750 ಮಿ.ಲೀ. ತುಂಬಿದ ಮೂರು) ಕಣ್ಣು ಮುಚ್ಚಿ ಎತ್ತಿ ಸಾಲಾಗಿ ಜೋಡಿಸುವುದೂ ಇತ್ತು. ಫುಗಡಿಯಂತೆ ಗಿರಗಿರ ತಿರುಗುವ ಆಟಗಳನ್ನು ಯೋಜನೆಗೆ ಹೆಚ್ಚು ಸೇರಿಸಲಿಲ್ಲ. ತಿರುಗಿದ್ದರ ಪರಿಣಾಮ ಕೆಲವು ಮಕ್ಕಳಲ್ಲಿ ಬಹಳ ಹೊತ್ತು ಇರುತ್ತದೆ, ಮುಖ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ ತಕ್ಷಣ ನಿಲ್ಲಿಸಬೇಕು. ಗುಂಪಿನಲ್ಲಿ 26 ಮುಖಗಳನ್ನು ಒಟ್ಟಿಗೆ ಗಮನಿಸಲು ಆಗದು.

ಮನೆಯಲ್ಲಿ

ಬೇರೆ ಅಭ್ಯಾಸವೇನೂ ಹೇಳಿಲ್ಲ, ಮನೆಗೆಲಸವನ್ನೇ ಹೇಳಿದ್ದು. ಚಾಪೆ ಸುತ್ತಿ ಮೂಲೆಗಿಡುವುದು, ಎರಡು ಲೀಟರಿನ ಪಾತ್ರೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ತುಂಬಿ ಗಿಡಕ್ಕೆ ಒಯ್ಯುವುದು, ಚಪಾತಿ ಹಿಟ್ಟು ನಾದುವುದು, ಒದ್ದೆ ಟವೆಲ್ ಹಿಂಡುವುದು. ಎಣ್ಣೆ ಸ್ನಾನದ ದಿನ ಅಜ್ಜಿ ಗಟ್ಟಿಯಾಗಿ ತಿಕ್ಕುತ್ತಾ "ಹಿಮ್ಮಡಿ ಕೊಡು ಮಗಾ", "ಈಗ ಮೊಣಕೈ" ಎಂದು ಹೆಸರು ಹಿಡಿದು ಕೇಳುವುದು. ಈ ಕೊನೆಯದನ್ನು ಅಜ್ಜಿ ಯಾರೂ ನೆನಪಿಸದೆ ಮುಂದುವರಿಸಿದರು. ಚಪಾತಿ ಹಿಟ್ಟು ಎರಡೇ ವಾರಕ್ಕೆ ನಿಂತಿತು. ಬೆಳಗಿನ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಸಂಜೆಯ ಕೆಲಸಗಳನ್ನು ಮಾತ್ರ ಹೇಳಬೇಕೆಂಬುದು ಇದರಿಂದ ತಿಳಿಯುವ ಪಾಠ.

ಹನ್ನೆರಡು ವಾರದ ಕೊನೆಗೆ

ಒಂಟಿ ಕಾಲಿನ ನಿಲುವು ಬಲಗಾಲಲ್ಲಿ 8 ಸೆಕೆಂಡು, ಎಡಗಾಲಲ್ಲಿ 5. ಗೆರೆಯ ನಡಿಗೆಯಲ್ಲಿ ಎರಡು ಸಲ ತಪ್ಪಿದ, ನಡುವೆ ಆಗಾಗ ಮುಖ ಎತ್ತಿ ನೋಡಿದ. ಬೆರಳು ಗುರುತಿಸುವಲ್ಲಿ ಹತ್ತಕ್ಕೆ ಏಳು. ಡಬ್ಬಿ ಆಟದಲ್ಲಿ ಖಾಲಿಯದನ್ನು ಎರಡನೇ ಸಲಕ್ಕೆ ಮೆಲ್ಲಗೆ ಎತ್ತಿದ. ಈ ಬೆಳವಣಿಗೆಯಲ್ಲಿ ಒಂದಷ್ಟು ವಯಸ್ಸಿನಿಂದಲೇ ಬಂದದ್ದು. ಮೂರು ತಿಂಗಳಲ್ಲಿ ಆರು ವರ್ಷದ ಯಾವ ಮಗುವೂ ಇದ್ದಲ್ಲೇ ಇರುವುದಿಲ್ಲ. ಹೆಚ್ಚು ತೂಕ ಕೊಡಬೇಕಾದದ್ದು ಕೊಠಡಿಯಲ್ಲಿ ಕಂಡದ್ದಕ್ಕೆ. ಹಾಲು ಚೆಲ್ಲುವುದು ದಿನವೂ ಇದ್ದದ್ದು ವಾರಕ್ಕೊಮ್ಮೆಗೆ ಇಳಿಯಿತು. ಗುಂಪಿನಿಂದ ಗುಂಪಿಗೆ ಹೋಗುವಾಗ ನಿಂತು, ದಾರಿ ನೋಡಿ ಕಾಲಿಡುವುದು ಕಾಣಿಸಿತು. ದೂರು ನಿಂತಿಲ್ಲ, ಆದರೆ "ತಳ್ತಾನೆ" ಎಂಬುದು ಕಡಿಮೆಯಾಗಿ "ನನ್ ಜಾಗದಲ್ಲಿ ಕೂತ" ಎಂಬ ಮಾಮೂಲಿ ಜಗಳಗಳು ಹೆಚ್ಚಾದವು.

ಬದಲಾಗದೇ ಉಳಿದದ್ದು ಬರವಣಿಗೆ. ಬಳಪ ಮುರಿಯುವುದು ಹಾಗೇ ಇತ್ತು. ಇದು ಅನಿರೀಕ್ಷಿತವಲ್ಲ, ಮತ್ತು ಪೋಷಕರಿಗೆ ಮೊದಲೇ ಹೇಳಿರಬೇಕಾದ ವಿಷಯ. ಮೈಯ ದೊಡ್ಡ ಆಟಗಳಿಂದ ಅಕ್ಷರ ತಾನಾಗಿ ದುಂಡಗಾಗುವುದಿಲ್ಲ. ಬರವಣಿಗೆಗೆ ಬರವಣಿಗೆಯದೇ ಅಭ್ಯಾಸ ಬೇಕು. ಆಟಗಳು ಕೊಟ್ಟದ್ದು ಹತ್ತು ನಿಮಿಷ ಒರಗದೆ ಕೂರುವ ಬೆನ್ನನ್ನು. ಅದರ ಮೇಲೆ ಬೇರೆ ಕೆಲಸ ಕಟ್ಟಬೇಕು. ಹಾಗಾಗಿ ಕಾರ್ಬನ್ ಹಾಳೆಯ ಆಟ ಶುರುವಾಯಿತು: ಮೂರು ಬಿಳಿ ಹಾಳೆ, ನಡುವೆ ಎರಡು ಕಾರ್ಬನ್. ಅಕ್ಷರ ಎರಡನೇ ಹಾಳೆಗೆ ಇಳಿಯಬೇಕು, ಮೂರನೆಯದಕ್ಕೆ ಇಳಿಯಬಾರದು. ತಾನು ಎಷ್ಟು ಒತ್ತಿದೆನೆಂದು ಹುಡುಗ ತಾನೇ ಹಾಳೆ ಎತ್ತಿ ನೋಡಿಕೊಳ್ಳುತ್ತಾನೆ, ಯಾರೂ ಹೇಳಬೇಕಿಲ್ಲ. ದಿನಕ್ಕೆ ಐದು ಅಕ್ಷರ, ಅದಕ್ಕಿಂತ ಹೆಚ್ಚಿಲ್ಲ, ಅದೂ ಗೋಡೆ ತಳ್ಳುವ ಆಟದ ನಂತರ.

ದಸರಾ ರಜೆ ಮುಗಿದು ಬಂದ ವಾರ ಮತ್ತೆ ನೋಡಿದಾಗ ಗೆಜ್ಜೆ ದಾರದ ಕೆಳಗೆ ನುಸುಳುವುದು, ಆಮೆ, ಸಂದಿ ದಾಟುವುದು ಉಳಿದುಕೊಂಡಿದ್ದವು. ಎಡಗಾಲಿನ ನಿಲುವು ಮತ್ತೆ 3 ಸೆಕೆಂಡಿಗೆ ಇಳಿದಿತ್ತು, ಬೆರಳು ಗುರುತಿಸುವುದೂ ಹಿಂದೆ ಸರಿದಿತ್ತು. ಮುಂದಿನ ಆರು ವಾರಕ್ಕೆ 15 ನಿಮಿಷದಲ್ಲಿ ಐದು ನಿಮಿಷ ಎಡಗಾಲ ಕುಂಟೆಬಿಲ್ಲೆಗೆ, ಐದು ನಿಮಿಷ ಚೀಲದೊಳಗೆ ಕೈಯಿಟ್ಟು ಆಡುವ ಬೆರಳಾಟಕ್ಕೆ ಮೀಸಲು; ಉಳಿದ ಐದು ನಿಮಿಷದಲ್ಲಿ ಮಕ್ಕಳು ಕೇಳಿದ ಆಟ. ಆರು ವಾರದ ನಂತರವೂ ಎಡಗಾಲಿನ ನಿಲುವು 5 ಸೆಕೆಂಡು ದಾಟದಿದ್ದರೆ, ಅಥವಾ ಎಡ-ಬಲದ ಅಂತರ ಹೆಚ್ಚಿದರೆ, ಈ ಅಳತೆಗಳ ಹಾಳೆಯ ಜೊತೆಗೆ ಹುಡುಗನನ್ನು ಜಿಲ್ಲಾ ಕೇಂದ್ರದ ತಜ್ಞರಿಗೆ ತೋರಿಸಬೇಕೆಂದು ತಾಯಿಯ ಜೊತೆ ಮಾತಾಗಿದೆ.